ಅಂಗಿಯ ಗುಂಡಿ ಕಲಿಸಿದ ಲೆಕ್ಕ

ನನ್ನ ನೀಲಿ ಗೆರೆಯ ಅಂಗಿಯ ಮೂರನೆಯ ಗುಂಡಿ ಕಿತ್ತುಹೋಗಿ ಏಳು ತಿಂಗಳಾಗಿತ್ತು. ಆ ಜಾಗಕ್ಕೆ ಒಂದು ಪಿನ್ನು ಚುಚ್ಚಿಕೊಂಡು ಓಡಾಡುತ್ತಿದ್ದೆ. ಗುಂಡಿ ಕಳೆದುಹೋಗಿರಲಿಲ್ಲ, ಮೇಜಿನ ಡ್ರಾಯರಿನಲ್ಲಿ ಭದ್ರವಾಗಿಯೇ ಇತ್ತು. ಸೂಜಿಯಿತ್ತು, ದಾರವಿತ್ತು. ಸೂಜಿಗೆ ದಾರ ಪೋಣಿಸುವಷ್ಟು ದೃಷ್ಟಿ ಮಾತ್ರ ನನ್ನ ಕಣ್ಣಿಗಿರಲಿಲ್ಲ. ಇಂಥ ಕೆಲಸವನ್ನೆಲ್ಲ ನಾನು ಕೇಳುವ ಮೊದಲೇ ಮಾಡಿಡುತ್ತಿದ್ದ ನನ್ನ ಹೆಂಡತಿ ತೀರಿಕೊಂಡು ಎರಡು ವರ್ಷವಾಯಿತು. ಸೊಸೆಗೆ ಹೇಳಬಹುದಿತ್ತು. ಬೆಳಿಗ್ಗೆ ಎಂಟಕ್ಕೆ ಬಸ್ಸು ಹಿಡಿಯುವವಳಿಗೆ ಗುಂಡಿಯ ಕಥೆ ಹೇಳುವುದೇ ಎಂದು ಸುಮ್ಮನಿದ್ದೆ.

ಹೋದ ನವೆಂಬರಿನ ಒಂದು ಭಾನುವಾರ ಸಂಜೆ ಮೊಮ್ಮಗಳು ಒಂದು ಪುಟ್ಟ ನೋಟ್ ಪುಸ್ತಕ ಹಿಡಿದು ನನ್ನ ಕೋಣೆಗೆ ಬಂದಳು. ಅವಳು ಆರನೇ ತರಗತಿ, ಶಾಲೆಯ ಗೈಡ್ಸ್ ತಂಡದಲ್ಲಿದ್ದಾಳೆ.

"ತಾತ, ದಿನಕ್ಕೊಂದು ಒಳ್ಳೆ ಕೆಲಸ ಮಾಡಿ ಡೈರಿಲಿ ಬರೀಬೇಕು. ಇವತ್ತಿಂದು ಇನ್ನೂ ಆಗಿಲ್ಲ. ನಿಂಗೇನಾದ್ರೂ ಮಾಡಿಕೊಡ್ಲಾ?"

"ನಂಗೇನೂ ಬೇಡ ಪುಟ್ಟಿ. ನನ್ನ ಕೆಲಸ ನಾನೇ ಮಾಡ್ಕೋತೀನಲ್ಲ" ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

ಮಗುವಿನ ಮುಖ ಸಣ್ಣದಾಯಿತು. ಬಾಗಿಲ ತನಕ ಹೋದವಳು ತಿರುಗಿ ನೋಡಿ ಕೇಳಿದಳು, "ಹಾಗಾದ್ರೆ ಆ ಪಿನ್ನು ಯಾಕೆ ತಾತ?"

ಉತ್ತರ ನನ್ನ ಬಳಿ ಇರಲಿಲ್ಲ. ಡ್ರಾಯರ್ ತೆಗೆದು ತೋರಿಸಿದೆ. ಒಂದೇ ಸಲಕ್ಕೆ ದಾರ ಪೋಣಿಸಿದಳು. ಹೊಲಿಯುವುದಕ್ಕೆ ಮಾತ್ರ ಇಪ್ಪತ್ತು ನಿಮಿಷ ಹಿಡಿಯಿತು. ಎರಡು ಸಲ ಬೆರಳಿಗೆ ಚುಚ್ಚಿಕೊಂಡಳು. ನೀಲಿ ಅಂಗಿಗೆ ಹಸಿರು ದಾರ, ಹಿಂದುಗಡೆ ಕಡಲೆಕಾಳಿನಷ್ಟು ದಪ್ಪ ಗಂಟು. ಆಮೇಲೆ ಪುಸ್ತಕ ತೆರೆದು, "ತಾತನ ಗುಂಡಿ ಹೊಲಿದೆ" ಎಂದು ಬರೆದು, ಊಟದ ತನಕ ಏನೋ ಹಾಡು ಗುನುಗುತ್ತಾ ಮನೆಯೆಲ್ಲ ಓಡಾಡಿದಳು.

ನನಗೂ ಅಂದು ಎಂದಿಗಿಂತ ಬೇಗ ನಿದ್ದೆ ಬಂತು. ನಿದ್ದೆಗೆ ಮುಂಚೆ ಒಂದು ಯೋಚನೆ ಬಂತು. ನಾನು ಬಿ.ಕಾಂ. ಓದಿ, ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಲೆಕ್ಕ ಬರೆದವನು. ಒಂದು ಖಾತೆಗೆ ಜಮಾ ಬರೆದರೆ ಇನ್ನೊಂದು ಖಾತೆಗೆ ಅಷ್ಟೇ ಮೊತ್ತ ಖರ್ಚು ಬರೆಯಬೇಕು, ಇಲ್ಲದಿದ್ದರೆ ಲೆಕ್ಕ ತಾಳೆಯಾಗುವುದಿಲ್ಲ. ಆದರೆ ಈ ಗುಂಡಿಯ ವ್ಯವಹಾರದಲ್ಲಿ ಇಬ್ಬರಿಗೂ ಜಮಾ ಆಗಿತ್ತು. ಖರ್ಚು ಯಾರ ಖಾತೆಗೆ ಬರೆಯಲಿ?

ಸ್ಕಾರ್ಫಿನ ಗಂಟು

ಮಕ್ಕಳೇ, ನಿಮ್ಮ ತಾತಂದಿರು ಹಾಫ್ ಪ್ಯಾಂಟ್ ಹಾಕುತ್ತಿದ್ದ ಕಾಲದಲ್ಲೂ ಈ 'ದಿನಕ್ಕೊಂದು ಒಳ್ಳೆಯ ಕೆಲಸ' ಇತ್ತು. ಸ್ಕೌಟ್ ಚಳವಳಿ ಆರಂಭಿಸಿದ ಬೇಡನ್ ಪೊವೆಲ್ 1908ರಲ್ಲಿ ಬರೆದ 'ಸ್ಕೌಟಿಂಗ್ ಫಾರ್ ಬಾಯ್ಸ್' ಪುಸ್ತಕದಲ್ಲೇ ಇದು ಬರುತ್ತದೆ. ದಿನದ ಒಳ್ಳೆಯ ಕೆಲಸ ಮರೆಯದಿರಲು ಕೊರಳ ಬಟ್ಟೆಗೆ ಒಂದು ಗಂಟು ಹಾಕಿಕೊಳ್ಳಿ ಎಂದು ಅವರು ಹುಡುಗರಿಗೆ ಹೇಳಿದ್ದರು. ನಾನು ಹೈಸ್ಕೂಲಿನಲ್ಲಿ ಸ್ಕೌಟ್ ಆಗಿದ್ದಾಗ ನಮ್ಮ ಮೇಷ್ಟ್ರೂ ಅದನ್ನೇ ಮಾಡಿಸುತ್ತಿದ್ದರು. ಬೆಳಿಗ್ಗೆ ಸ್ಕಾರ್ಫಿನ ತುದಿಗೆ ಗಂಟು, ಕೆಲಸವಾದ ಮೇಲೆ ಬಿಚ್ಚಬೇಕು. ಎಷ್ಟೋ ಸಂಜೆ ಗಂಟು ಹಾಗೆಯೇ ಉಳಿದು, ಅಮ್ಮನಿಗೆ ಕಾಣದಂತೆ ಹಿತ್ತಲಲ್ಲಿ ಬಿಚ್ಚಿಕೊಂಡು ಒಳಗೆ ಹೋದದ್ದುಂಟು. ಈ ವಯಸ್ಸಿನಲ್ಲಿ ಸುಳ್ಳು ಹೇಳಿ ಏನು ಮಾಡಲಿ?

ಆಗ ನನಗಿದ್ದ ತಪ್ಪು ತಿಳಿವಳಿಕೆ ಎಂದರೆ, ಒಳ್ಳೆಯ ಕೆಲಸ ಎಂದರೆ ದೊಡ್ಡದಾಗಿರಬೇಕು ಎನ್ನುವುದು. ಕೆರೆಗೆ ಬಿದ್ದವರನ್ನು ಎತ್ತಬೇಕು, ಬೆಂಕಿ ಆರಿಸಬೇಕು. ನಮ್ಮೂರಿನಲ್ಲಿ ನನಗೋಸ್ಕರ ಯಾರೂ ಕೆರೆಗೆ ಬೀಳಲಿಲ್ಲ. ಸಣ್ಣ ಕೆಲಸದ ಬೆಲೆ ತಿಳಿದದ್ದು ಬ್ಯಾಂಕಿಗೆ ಸೇರಿದ ಮೇಲೆ.

ಒಂಬತ್ತರ ಗುಟ್ಟು

ನಾನು ಕೆಲಸಕ್ಕೆ ಸೇರಿದ್ದು 1974ರಲ್ಲಿ, ಹಾಸನ ಜಿಲ್ಲೆಯ ಒಂದು ಹೋಬಳಿ ಊರಿನ ಶಾಖೆಗೆ. ಕಂಪ್ಯೂಟರ್ ಇರಲಿಲ್ಲ. ಮಗುವಿನಷ್ಟು ಭಾರದ ಲೆಡ್ಜರುಗಳು, ಹಿತ್ತಾಳೆ ಟೋಕನ್ನು, ಶಾಯಿ. ತಿಂಗಳ ಕೊನೆಗೆ ಲೆಡ್ಜರಿನ ಎಲ್ಲ ಖಾತೆಗಳ ಬಾಕಿ ಕೂಡಿದರೆ ಮುಖ್ಯ ಪುಸ್ತಕದ ಮೊತ್ತಕ್ಕೆ ಸರಿಹೊಂದಬೇಕು. ನನ್ನ ಮೊದಲ ತಿಂಗಳೇ 63 ರೂಪಾಯಿ ವ್ಯತ್ಯಾಸ ಬಂತು. ಕೂಡಿದೆ, ಮತ್ತೆ ಕೂಡಿದೆ. ಏಳು ಗಂಟೆಯಾಯಿತು, ಎಲ್ಲರೂ ಹೊರಟರು. ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಆಗ ನಮ್ಮ ಹಿರಿಯ ಗುಮಾಸ್ತರೊಬ್ಬರು ಚಪ್ಪಲಿ ಮೆಟ್ಟಿ, ಕೊಡೆ ಹಿಡಿದು ಹೊರಟಿದ್ದವರು ವಾಪಸು ಬಂದು ನನ್ನ ಪಕ್ಕ ಕುರ್ಚಿ ಎಳೆದುಕೊಂಡರು. ಬೈಯಲಿಲ್ಲ.

"ವ್ಯತ್ಯಾಸ ಒಂಬತ್ತರಿಂದ ಭಾಗ ಹೋಗುತ್ತಾ ನೋಡಯ್ಯ" ಎಂದರು.

ಹೋಯಿತು. ಒಂಬತ್ತೇಳ್ಲಿ ಅರವತ್ತಮೂರು.

"ಹಾಗಿದ್ರೆ ಎಲ್ಲೋ ಅಂಕಿ ಹಿಂದುಮುಂದು ಮಾಡಿ ಬರೆದಿರಬೇಕು. ಆ ಎರಡು ಅಂಕಿಗಳ ನಡುವೆ ಏಳು ವ್ಯತ್ಯಾಸ ಇರುತ್ತೆ. ಅಂಥದ್ದು ಹುಡುಕು."

ಹತ್ತು ನಿಮಿಷದಲ್ಲಿ ಸಿಕ್ಕಿತು. ಒಬ್ಬ ರೈತರ ಖಾತೆಯಲ್ಲಿ 292 ಎಂದು ಬರೆಯಬೇಕಾದಲ್ಲಿ 229 ಎಂದು ಬರೆದಿದ್ದೆ. ಮಕ್ಕಳೇ, ನೀವೂ ಮಾಡಿ ನೋಡಿ. ಯಾವುದಾದರೂ ಎರಡಂಕಿಯ ಸಂಖ್ಯೆ ಬರೆಯಿರಿ, ತಿರುಗಿಸಿ ಬರೆಯಿರಿ, ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ. ಉತ್ತರ ಒಂಬತ್ತರಿಂದ ಭಾಗ ಹೋಗಿಯೇ ಹೋಗುತ್ತದೆ.

ಆ ಸಂಜೆ ಅವರು ಕೊನೆಯ ಬಸ್ಸು ತಪ್ಪಿಸಿಕೊಂಡು ಯಾರದೋ ಸೈಕಲ್ಲಿನ ಹಿಂದೆ ಕುಳಿತು ಮನೆಗೆ ಹೋದರು ಎಂದು ಮರುದಿನ ಗೊತ್ತಾಯಿತು. ಎಷ್ಟೋ ವರ್ಷಗಳ ನಂತರ, ಅವರ ನಿವೃತ್ತಿಯ ದಿನ, ನಾನು ಆ ಉಪಕಾರ ನೆನೆದು ಮಾತಾಡಿದೆ. ಅವರು ಪಿಳಿಪಿಳಿ ನೋಡಿದರು. "ಹೌದೇನಯ್ಯ? ನಂಗೆ ನೆನಪೇ ಇಲ್ವಲ್ಲ!" ಎಂದರು. ನಾನು ಇಷ್ಟು ವರ್ಷ ಹೊತ್ತುಕೊಂಡು ತಿರುಗಿದ ಸಂಜೆ, ಕೊಟ್ಟವರಿಗೆ ಒಂದು ದಿನವೂ ದೊಡ್ಡದಾಗಿ ಕಂಡಿರಲಿಲ್ಲ.

ಎರಡು ನಿಮಿಷ

ಒಳ್ಳೆಯದನ್ನು ಪಡೆದ ಕಥೆ ಹೇಳಿದ ಮೇಲೆ, ನಾನು ಮಾಡದೆ ಉಳಿದ ಒಂದು ಕೆಲಸದ ಕಥೆಯನ್ನೂ ಹೇಳಬೇಕು.

ಅದೇ ಶಾಖೆ. ಗೌರಿ ಹಬ್ಬದ ನಂತರದ ಶನಿವಾರ. ಶನಿವಾರ ನಮಗೆ ಹನ್ನೆರಡಕ್ಕೆ ವ್ಯವಹಾರ ಮುಗಿಯುತ್ತಿತ್ತು. ಹನ್ನೆರಡು ಗಂಟೆ ಐದು ನಿಮಿಷಕ್ಕೆ ಒಬ್ಬ ಅಜ್ಜಿ ಏದುಸಿರು ಬಿಡುತ್ತಾ ಬಂದರು. ಸೆರಗಿನ ಗಂಟು ಬಿಚ್ಚಿ ಪಾಸ್ ಪುಸ್ತಕ ತೆಗೆದು, ಐವತ್ತು ರೂಪಾಯಿ ಬೇಕು ಎಂದರು. ಕ್ಯಾಷಿಯರ್ ಇನ್ನೂ ನೋಟು ಎಣಿಸುತ್ತಿದ್ದರು, ಹಣ ತಿಜೋರಿಗೆ ಹೋಗಿರಲಿಲ್ಲ. ನಾನು ಚೀಟಿ ಬರೆದು, ಹೆಬ್ಬೆಟ್ಟು ಒತ್ತಿಸಿ, ಲೆಡ್ಜರಿಗೆ ಹಾಕಿದರೆ ಎರಡು ನಿಮಿಷದ ಕೆಲಸ. ಆದರೆ ನನಗೆ ಊರಿಗೆ ಹೋಗುವ ಅವಸರ.

"ಟೈಮ್ ಆಯ್ತಮ್ಮ, ಸೋಮವಾರ ಬನ್ನಿ" ಎಂದೆ.

ಅವರು ಇನ್ನೊಂದು ಮಾತು ಕೇಳಲಿಲ್ಲ. ಪಾಸ್ ಪುಸ್ತಕ ಮತ್ತೆ ಸೆರಗಿಗೆ ಕಟ್ಟಿಕೊಂಡು ಹೊರಟುಹೋದರು.

ಸೋಮವಾರ ಬಾಗಿಲು ತೆರೆಯುವ ಹೊತ್ತಿಗೇ ಮೆಟ್ಟಿಲ ಮೇಲೆ ಕುಳಿತಿದ್ದರು. ಚೀಟಿ ಬರೆಯುತ್ತಾ, "ಏನಮ್ಮ, ಶನಿವಾರ ಅರ್ಜೆಂಟಿತ್ತಾ?" ಎಂದು ಕೇಳಿದೆ. ಅವರು ಹೇಳಿದರು, "ಮಗಳು ಹಬ್ಬಕ್ಕೆ ಬಂದಿದ್ಲು ಸ್ವಾಮಿ. ನಿನ್ನೆ ಬೆಳಗಿನ ಬಸ್ಸಿಗೆ ಹೋದ್ಲು. ಹೋಗೋವಾಗ ಕೈಗೆ ಕೊಡೋಣ ಅಂತಿದ್ದೆ. ಈಗ ಪೋಸ್ಟಲ್ಲಿ ಕಳಿಸ್ತೀನಿ. ಆದ್ರೆ ಕೈಗೆ ಕೊಟ್ಟಂಗಾಯ್ತದಾ?"

ಮನಿಯಾರ್ಡರ್ ಫಾರಂ ನಾನೇ ತುಂಬಿಕೊಟ್ಟೆ. ವಿಳಾಸ ದುಂಡಗೆ ಬರೆದೆ. ಅಜ್ಜಿ ನನಗೆ ಕೈಮುಗಿದರು, ಅದು ಇನ್ನಷ್ಟು ಚುಚ್ಚಿತು. ನಿಯಮದ ಪ್ರಕಾರ ನಾನು ಯಾವ ತಪ್ಪನ್ನೂ ಮಾಡಿರಲಿಲ್ಲ. ಆದರೂ ಗೌರಿ ಹಬ್ಬ ಬಂದಾಗಲೆಲ್ಲ ಬರಿಗೈಲಿ ತವರಿನಿಂದ ಹೋದ, ನಾನು ಮುಖವನ್ನೇ ನೋಡಿರದ ಆ ಮಗಳ ನೆನಪಾಗುತ್ತದೆ. ಅಂದಿನಿಂದ ನಾನು ಪುಣ್ಯಾತ್ಮನಾಗಿಬಿಟ್ಟೆ ಎನ್ನಲಾರೆ. ಆದರೆ ಕೌಂಟರಿನಲ್ಲಿ ಓದುಬರಹ ಬಾರದವರಿಗೆ ಚೀಟಿ ಬರೆದುಕೊಡಲು ಇನ್ನೊಂದು ಪೆನ್ನು ಯಾವಾಗಲೂ ಜೇಬಿನಲ್ಲಿರುತ್ತಿತ್ತು.

ವಿಜ್ಞಾನಿಗಳೂ ಎಣಿಸಿ ನೋಡಿದ್ದಾರೆ

ಬ್ಯಾಂಕಿನವನಿಗೆ ರುಜುವಾತು ಬೇಕು. ಗುಂಡಿಯ ರಾತ್ರಿ ಬಂದ ಪ್ರಶ್ನೆಯನ್ನು ಮಗನಿಗೆ ಹೇಳಿದಾಗ ಅವನು ಕೆಲವು ಪ್ರಯೋಗಗಳನ್ನು ಹುಡುಕಿ ಓದಿ ಹೇಳಿದ.

ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಎಲಿಜಬೆತ್ ಡನ್ ಮತ್ತು ಅವರ ಜೊತೆಗಾರರು 46 ಜನರಿಗೆ ಬೆಳಿಗ್ಗೆ ಒಂದೊಂದು ಲಕೋಟೆ ಕೊಟ್ಟರು. ಕೆಲವರದರಲ್ಲಿ 5 ಡಾಲರ್, ಕೆಲವರದರಲ್ಲಿ 20 ಡಾಲರ್. ಸಂಜೆ ಐದರೊಳಗೆ ಖರ್ಚು ಮಾಡಬೇಕು. ಅರ್ಧ ಜನ ತಮಗಾಗಿ, ಇನ್ನರ್ಧ ಜನ ಬೇರೆಯವರಿಗಾಗಿ. ಸಂಜೆ ವಿಚಾರಿಸಿದಾಗ ಬೇರೆಯವರಿಗಾಗಿ ಖರ್ಚು ಮಾಡಿದವರೇ ಹೆಚ್ಚು ಸಂತೋಷದಿಂದಿದ್ದರು. ಐದಾದರೂ ಅಷ್ಟೇ, ಇಪ್ಪತ್ತಾದರೂ ಅಷ್ಟೇ. ಇದು 2008ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಇದೇ ಪ್ರಶ್ನೆಯನ್ನು ಬೇರೆ ವಿದ್ಯಾರ್ಥಿಗಳಿಗೆ ಸುಮ್ಮನೆ ಕೇಳಿದಾಗ ಹೆಚ್ಚಿನವರು, ತಮಗಾಗಿ ಖರ್ಚು ಮಾಡಿದರೇ ಹೆಚ್ಚು ಸಂತೋಷ ಎಂದು ಊಹಿಸಿದ್ದರಂತೆ.

2012ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗ ಎರಡು ವರ್ಷ ತುಂಬದ ಕೂಸುಗಳದ್ದು. ಮೀನಿನ ಆಕಾರದ ಬಿಸ್ಕತ್ತು ಕೊಟ್ಟು, ಎದುರಿಗೊಂದು ಗೊಂಬೆ ಕೂರಿಸಿ, ಮಕ್ಕಳ ಮುಖಭಾವ ಗಮನಿಸಿದರು. ಬಿಸ್ಕತ್ತು ತಮಗೆ ಸಿಕ್ಕಾಗಿಗಿಂತ ಗೊಂಬೆಗೆ ತಿನ್ನಿಸುವಾಗ ಮುಖ ಹೆಚ್ಚು ಅರಳಿತ್ತು. ಅದರಲ್ಲೂ ತಮ್ಮ ಬಟ್ಟಲಿನಿಂದಲೇ ತೆಗೆದುಕೊಟ್ಟಾಗ ಮತ್ತಷ್ಟು. ಅಂಬೆಗಾಲಿಡುವ ಕೂಸು ತಾನು ಚೀಪಿದ ಬಿಸ್ಕತ್ತನ್ನು ನಮ್ಮ ಬಾಯಿಗೆ ತುರುಕಿ ನಗುವುದನ್ನು ನೋಡಿದ ಅಜ್ಜಿಯರಿಗೆ ಇದೇನೂ ಹೊಸ ಸುದ್ದಿಯಲ್ಲ.

ನನಗೆ ತುಂಬ ಹಿಡಿಸಿದ್ದು ಮೂರನೆಯದು. ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ ಎಂಬ ಇಬ್ಬರು ಅಮೆರಿಕದ ಶಿಕಾಗೊ ನಗರದಲ್ಲಿ ಚಳಿಗಾಲದಲ್ಲಿ ಮಂಜುಗಡ್ಡೆಯ ಮೇಲೆ ಜಾರುವ ಆಟದ ಅಂಗಳಕ್ಕೆ ಹೋದರು. ಅಲ್ಲಿದ್ದವರಿಗೆ ಒಂದು ಲೋಟ ಬಿಸಿ ಚಾಕೊಲೇಟ್ ಪಾನೀಯ ತೋರಿಸಿ, ಇದನ್ನು ನೀವು ಇಷ್ಟಪಟ್ಟರೆ ಇಲ್ಲಿರುವ ಯಾರಿಗಾದರೂ ಕೊಡಬಹುದು ಎಂದರು. ಕೊಟ್ಟವರನ್ನು, "ಪಡೆದವರಿಗೆ ಎಷ್ಟು ಸಂತೋಷವಾಗಿರಬಹುದು?" ಎಂದು ಕೇಳಿದರು. ಪಡೆದವರನ್ನೂ ಕೇಳಿದರು. ಕೊಟ್ಟವರು ಊಹಿಸಿದ್ದಕ್ಕಿಂತ ಪಡೆದವರ ಸಂತೋಷ ಹೆಚ್ಚಾಗಿತ್ತು. ಕೊಡುವವರು 'ಒಂದು ಲೋಟ ಪಾನೀಯ ತಾನೇ' ಎಂದುಕೊಳ್ಳುತ್ತಾರೆ. ಪಡೆಯುವವರ ಎದೆಗೆ ತಾಕುವುದು, ಯಾರೋ ತನ್ನನ್ನು ನೆನೆದರಲ್ಲ ಎನ್ನುವುದು. ಈ ಪ್ರಯೋಗ ಪ್ರಕಟವಾದದ್ದು 2022ರಲ್ಲಿ. ನಮ್ಮ ಹಿರಿಯ ಗುಮಾಸ್ತರು ಯಾಕೆ ಪಿಳಿಪಿಳಿ ನೋಡಿದರು ಎನ್ನುವುದು ನನಗೆ ಆಗ ಅರ್ಥವಾಯಿತು. ನಾನು ಆ ಅಜ್ಜಿಯನ್ನು ಯಾಕೆ ವಾಪಸು ಕಳಿಸಿದೆ ಎನ್ನುವುದೂ ಅರ್ಥವಾಯಿತು. ಐವತ್ತು ರೂಪಾಯಿಯ ಚೀಟಿ ನನ್ನ ಕಣ್ಣಿಗೆ ಐವತ್ತು ರೂಪಾಯಿಯಷ್ಟೇ ಆಗಿತ್ತು.

ನಮ್ಮ ಹಿಂದಿನವರು ಪ್ರಯೋಗ ಮಾಡದೆಯೇ ಇದನ್ನು ತಿಳಿದಿದ್ದರು. ಬೇಸಿಗೆಯಲ್ಲಿ ದಾರಿಹೋಕರಿಗೆ ನೀರು, ಮಜ್ಜಿಗೆ, ಬೆಲ್ಲ ಕೊಡುವ ಅರವಟ್ಟಿಗೆ ಇಡುತ್ತಿದ್ದರು. ಹಳೆಯ ದಾರಿಗಳ ಬದಿಯಲ್ಲಿ ಹೊರೆಗಲ್ಲು ನೆಡುತ್ತಿದ್ದರು. ಎರಡು ಕಂಬ, ಮೇಲೊಂದು ಅಡ್ಡಗಲ್ಲು, ಹೆಚ್ಚುಕಡಿಮೆ ಆಳೆತ್ತರ. ತಲೆಹೊರೆ ಹೊತ್ತು ಬಂದವರು ಇನ್ನೊಬ್ಬರ ಕೈಯಾಸರೆ ಇಲ್ಲದೆ ಹೊರೆಯನ್ನು ಅದರ ಮೇಲೆ ಇಳಿಸಿ, ದಣಿವಾರಿಸಿಕೊಂಡು, ಮತ್ತೆ ತಲೆಗೇರಿಸಿಕೊಂಡು ಹೋಗಬಹುದು. ನೋಡಿದರೆ ಮೂರು ಕಲ್ಲು. ಅದರ ಬೆಲೆ ಕೇಳಬೇಕಾದರೆ ಹೊರೆ ಹೊತ್ತ ಕುತ್ತಿಗೆಯನ್ನೇ ಕೇಳಬೇಕು.

ಮಕ್ಕಳಿಗೆ ನಾಲ್ಕು ಮಾತು

ಇನ್ನು ನೀವೇನು ಮಾಡಬಹುದು? ದುಡ್ಡು ಬೇಕಾಗಿಲ್ಲ. ಬಸ್ಸಿನಲ್ಲಿ ಕೂಸು ಎತ್ತಿಕೊಂಡವರಿಗೆ ಸೀಟು ಬಿಡಿ. ಊಟದ ಡಬ್ಬಿ ಮರೆತು ಬಂದ ಗೆಳೆಯನ ಜೊತೆ ಹಂಚಿಕೊಳ್ಳಿ. ಹೊಸದಾಗಿ ಸೇರಿದ ಹುಡುಗಿಯನ್ನು ಆಟಕ್ಕೆ ಕರೆಯಿರಿ. ಬೆಳಗಿನ ಚಳಿಯಲ್ಲಿ ಬೀದಿ ಗುಡಿಸುವವರಿಗೆ, ನಮಸ್ಕಾರ ಎನ್ನಿ. ಅಜ್ಜಿಗೆ ಅಕ್ಕಿ ಆರಿಸಿಕೊಡಿ. ದೂರದ ಊರಿನ ಅತ್ತೆಗೆ ಒಂದು ಫೋನು ಮಾಡಿ, "ಸುಮ್ನೆ ಮಾಡ್ದೆ ಅತ್ತೆ, ಹೇಗಿದ್ದೀರಾ?" ಎಂದು ಕೇಳಿ.

ಸಹಾಯ ಮಾಡುವ ಮೊದಲು, ಮಾಡಲೇ ಎಂದು ಕೇಳಿ. ಅದರ ಫೋಟೊ ತೆಗೆದು ಎಲ್ಲರಿಗೂ ಕಳಿಸಬೇಡಿ, ಪಡೆದವರಿಗೆ ಸಂಕೋಚವಾಗುತ್ತದೆ. ಗುರುತಿಲ್ಲದವರು ಸಹಾಯಕ್ಕೆಂದು ಎಲ್ಲಿಗಾದರೂ ಕರೆದರೆ ಹೋಗಬೇಡಿ, ದೊಡ್ಡವರನ್ನು ಕರೆಯಿರಿ. ಬ್ಯಾಂಕಿನವನಾಗಿ ಇನ್ನೊಂದು ಮಾತು. ಎಟಿಎಂನಲ್ಲಿ ಬೇರೆಯವರ ಕಾರ್ಡು ಮುಟ್ಟಬೇಡಿ, ಬ್ಯಾಂಕಿನ ಸಿಬ್ಬಂದಿಯನ್ನು ಕರೆದುಕೊಡಿ. ಹಿರಿಯರೂ ಅಷ್ಟೇ, ಎಷ್ಟೇ ಒಳ್ಳೆಯವರಾಗಿ ಕಂಡರೂ ಪಿನ್, ಒಟಿಪಿ ಯಾರಿಗೂ ಹೇಳಬೇಡಿ.

ಹಿರಿಯರಿಗೆ ಒಂದೇ ಮಾತು

ನನ್ನ ವಯಸ್ಸಿನವರಿಗೆ ಹೇಳುವುದು ಒಂದೇ ಮಾತು. 'ನನಗೇನೂ ಬೇಡ' ಎನ್ನುವುದು ನಮ್ಮ ಬಾಯಿಗೆ ಕೂತುಬಿಟ್ಟಿದೆ. ಯಾರಿಗೂ ಹೊರೆಯಾಗಬಾರದು ಎಂಬ ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತೇವೆ. ಆದರೆ ಕೊಡಲು ಬಂದ ಮಗುವಿನ ಕೈಯನ್ನು ಹಿಂದಕ್ಕೆ ಕಳಿಸಿದರೆ, ನಾನು ಅಂದು ಪಾಸ್ ಪುಸ್ತಕ ಹಿಂದಕ್ಕೆ ಕಳಿಸಿದ ಹಾಗೇ ಆಗುತ್ತದೆ. ಮೊಮ್ಮಗಳು "ಆ ಪಿನ್ನು ಯಾಕೆ ತಾತ?" ಎಂದು ಕೇಳದೆ ಹೋಗಿದ್ದರೆ ನಾನು ಅದೇ ತಪ್ಪನ್ನು ಎರಡನೆಯ ಸಲ ಮಾಡಿರುತ್ತಿದ್ದೆ.

ಗುಂಡಿ ಹೊಲಿದ ಆ ವಾರವೇ ಜೀವಿತ ಪ್ರಮಾಣಪತ್ರ ಕೊಡಲು ಬ್ಯಾಂಕಿಗೆ ಹೋಗಿದ್ದೆ. ಪಿಂಚಣಿದಾರರು 'ನಾನಿನ್ನೂ ಬದುಕಿದ್ದೇನೆ' ಎಂದು ವರ್ಷಕ್ಕೊಮ್ಮೆ ರುಜು ಮಾಡಿಕೊಡಬೇಕಲ್ಲ, ಅದು. ಎರಡು ವರ್ಷದಿಂದ ನಾನು ಇಂಥ ಕಡೆ ಹೋದರೆ ಕೆಲಸ ಮುಗಿಸಿ ತಲೆ ತಗ್ಗಿಸಿ ಬರುತ್ತಿದ್ದವನು, ಯಾರ ಜೊತೆಗೂ ಮಾತು ಬೇಡವಾಗಿತ್ತು. ಅಂದು ಪಕ್ಕದ ಬೆಂಚಿನಲ್ಲಿ ನನಗಿಂತ ಹಿರಿಯರೊಬ್ಬರು ಫಾರಂ ಹಿಡಿದು ಕನ್ನಡಕ ಒರೆಸುತ್ತಾ ಕುಳಿತಿದ್ದರು. "ಬರೆದುಕೊಡಲಾ ಸಾರ್?" ಎಂದೆ. ಬರೆದದ್ದು ನಾಲ್ಕು ಸಾಲು. ಅವರು ಬಿಡಲಿಲ್ಲ, ಎದುರಿನ ಹೋಟೆಲಿಗೆ ಕರೆದೊಯ್ದು ಕಾಫಿ ಕುಡಿಸಿದರು. ಅವರೂ ಒಂಟಿಯೇ. ಅರ್ಧ ಗಂಟೆ ಕುಳಿತೆವು. ಒಂದು ವಾರದಲ್ಲಿ ಆಡದಷ್ಟು ಮಾತು ಅಲ್ಲಿ ಆಡಿದೆ. ಮನೆಗೆ ಬಂದಾಗ ಸೊಸೆ ನನ್ನ ಮುಖ ನೋಡಿ, "ಏನು ಮಾವ, ಇವತ್ತು ಖುಷಿಯಾಗಿದ್ದೀರಾ?" ಎಂದಳು.

ಹೆಂಡತಿ ಇಲ್ಲದ ಮನೆ ಹೆಂಡತಿ ಇಲ್ಲದ ಮನೆಯೇ. ಯಾವ ಒಳ್ಳೆಯ ಕೆಲಸವೂ ಅದನ್ನು ತುಂಬುವುದಿಲ್ಲ. ಆದರೆ ಒಂದು ದಿನ ದಾಟಲು ಅಂಥದ್ದೊಂದು ಸಾಕಾಗುತ್ತದೆ. ನಾನೂ ಈಗ ಒಂದು ಹಳೆಯ ಡೈರಿಯಲ್ಲಿ ಎರಡು ಅಂಕಣ ಗೆರೆ ಹಾಕಿದ್ದೇನೆ. ಎಡಗಡೆ ನಾನು ಮಾಡಿದ್ದು, ಬಲಗಡೆ ನನಗೆ ಬೇರೆಯವರು ಮಾಡಿದ್ದು. ಬಲಗಡೆಯ ಅಂಕಣ ಬೇಗ ತುಂಬುತ್ತಿದೆ. ಲೆಕ್ಕ ತಾಳೆಯಾಗುತ್ತಿಲ್ಲ, ವ್ಯತ್ಯಾಸ ಒಂಬತ್ತರಿಂದ ಭಾಗ ಹೋಗುತ್ತದೆಯೇ ಎಂದು ನಾನು ನೋಡುತ್ತಲೂ ಇಲ್ಲ.

ನೀಲಿ ಅಂಗಿಯ ಹಸಿರು ದಾರ ಗಟ್ಟಿಯಾಗಿದೆ. ಬಿಳಿ ಅಂಗಿಯ ತೋಳಿನ ಗುಂಡಿಯೊಂದು ನಿನ್ನೆಯಿಂದ ಸಡಿಲವಾಗಿದೆ. ಶನಿವಾರ ಮೊಮ್ಮಗಳಿಗೆ ಅರ್ಧ ದಿನ ಶಾಲೆ. ಸೂಜಿದಾರ ತೆಗೆದಿಟ್ಟು ಕಾಯುತ್ತಿದ್ದೇನೆ.